ಹಿಡ್ಕೋ ಕಣೋ, ಈಗ ಬಂದೆ

ರುದ್ರಮೂರ್ತಿ,

ನೀನು ಸತ್ತು ವೀರನಾದೆ. ಅಗ್ನಿಶಾಮಕ ಠಾಣೆಯಲ್ಲಿ ನಿನ್ನ ಫೋಟೋಗೆ ಹಾರ ಹಾಕುವವನು ನಾನಲ್ಲ, ತಿಳಿದಿರಲಿ. ಹೊಸಬರಿಗೆ ತರಬೇತಿ ಕೊಡುವಾಗ ನಿನ್ನ ಹೆಸರನ್ನೇ ಮೊದಲು ಹೇಳುತ್ತೇನೆ, ಇವನ ಹಾಗೆ ಮಾಡಬೇಡಿ ಎಂದು.

ಇವತ್ತು ಹಿರೇನಲ್ಲೂರಿನಲ್ಲಿ ಊರಿನ ಸ್ವಯಂಸೇವಕರಿಗೆ ಕಲಿಸುತ್ತಿದ್ದೆ. ಪಕ್ಕದ ಬಾವಿಗೆ ಮೇಕೆ ಬಿತ್ತೆಂದು ಕೂಗಿದರು. ಒಳಗೆ ಡೀಸೆಲ್ ಪಂಪು ಓಡಿ ಹೊಗೆ ತುಂಬಿತ್ತು, ನೀನು ಇಳಿದು ಸತ್ತ ಬಾವಿಯ ಹಾಗೆಯೇ. ಆಮ್ಲಜನಕದ ಸಿಲಿಂಡರು ಬರುವವರೆಗೆ ಯಾರೂ ಇಳಿಯಕೂಡದು ಎಂದೆ. ಮೇಕೆಯ ಒಡತಿ ಅಂಜಿನಮ್ಮ ಎಲ್ಲರೆದುರು ಉಗಿದಳು: “ರುದ್ರಣ್ಣ ಇದ್ದಿದ್ರೆ ಇಷ್ಟೊತ್ಗೆ ಇಳಿದಿರೋನು ಕಣ್ರೀ!”

“ಇಳಿದಿರೋನು. ಮೇಲೆ ಹತ್ತಿ ಬರ್ತಿರ್ಲಿಲ್ಲ,” ಎಂದೆ.

ನಿನ್ನ ಮಗಳು ಸೌಮ್ಯ ಅಲ್ಲೇ ಇದ್ದಳು. ಬೇಡವೆಂದರೂ ಕೇಳದೆ ಸ್ವಯಂಸೇವಕಿಯಾಗಿ ಸೇರಿದ್ದಾಳೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಮೊಬೈಲನ್ನು ನನ್ನತ್ತ ಚಾಚಿದಳು.

“ಹಿಡ್ಕೊಳ್ಳಿ ಮಾವ, ಈಗ ಬಂದೆ.”

ನಿನ್ನದೇ ಮಾತು. ಹೆತ್ತ ಮಗಳಿಗೆ ಕಲಿಸಲು ಬೇರೇನೂ ಸಿಗಲಿಲ್ಲವೇನೋ, ಹಾಳಾದವನೇ?

ನಾನು ಕೈಕಟ್ಟಿ ನಿಂತೆ. “ಹಿಡ್ಕೊಳ್ಳಲ್ಲ ಕಣಮ್ಮ.”

ಬೈದಳು, ಅತ್ತಳು, ಆದರೆ ಇಳಿಯಲಿಲ್ಲ. ಸಿಲಿಂಡರು ಬರುವಷ್ಟರಲ್ಲಿ ಮೇಕೆ ಸತ್ತಿತ್ತು. ನನ್ನ ಮುಖವನ್ನೂ ನೋಡದೆ, ಮೊಬೈಲು ಹಿಡಿದುಕೊಂಡು ಮನೆಗೆ ಹೋದಳು.

ಅವತ್ತು ಬಾವಿಗಿಳಿಯುವ ಮೊದಲು ನೀನು ನಿನ್ನ ಮೊಬೈಲು ಚಾಚಿದಾಗ ನಾನು ಹಿಡಿದುಕೊಂಡಿದ್ದೆ. ನಿನ್ನನ್ನು ಮೇಲೆತ್ತುವ ಮೊದಲೇ ಅದು ನನ್ನ ಕೈಯಲ್ಲಿ ರಿಂಗಾಯಿತು. ಪರದೆಯ ಮೇಲೆ ‘ಮಗಳು’ ಎಂದಿತ್ತು.