ಎದಿ ಮ್ಯಾಲಿನ ಕರಡಗಿ

೨೧ ನವೆಂಬರ್, ಶುಕ್ರವಾರ

ಆ ಲೆಕ್ಕ ತಲಿಯಿಂದ ಹೋಗವಲ್ದು. ನಾಕು ವರ್ಷದ ಕೂಸಿನ ಹೃದಯ ಒಂದು ಬಡಿತಕ್ಕ ಸುಮಾರು ಮೂವತ್ತು ಎಂ.ಎಲ್. ರಕ್ತ ದೂಡಬೇಕಂತ. ನಮ್ಮ ವಾಣಿದು ಅದರ ಅರ್ಧಾನೂ ದೂಡೂದಿಲ್ಲ. ಆಸ್ಪತ್ರಿಯಿಂದ ಕೆಲಗೇರಿ ಮನಿಗೆ ಬಂದವಳ ಮೊದಲು ಕೆಮ್ಮಿನ ಔಷಧದ ಮುಚ್ಚಳದಾಗ ಅಷ್ಟು ನೀರು ಹಾಕಿ ನೋಡಿದೆ. ಮುಚ್ಚಳ ಸೈತ ತುಂಬಲಿಲ್ಲ.

ಸ್ಕ್ಯಾನ್ ನೋಡಿ ಡಾಕ್ಟರ್ ಅಂದ್ರು, "ಕಡಿಮಿ ಬಿದ್ದದ್ದನ್ನ ತುಂಬಾಕ ಅದು ಜೋರಾಗಿ ಬಡಕೊಳ್ಳಾಕತ್ತೈತ್ರಿ. ದಣದು ನಿಧಾನ ಆತಂದ್ರ ತಡಾ ಮಾಡಬ್ಯಾಡ್ರಿ, ಲಗೂ ಕರಕೊಂಡು ಬರ್ರಿ."

ಆ ಬಡಿತ ನಾವೆಲ್ಲಾ ನೋಡೇವಿ. ಕೊರಳಾಗಿನ ಕರಡಗಿ, ಲಿಂಗದ ಆ ಬೆಳ್ಳಿ ಡಬ್ಬಿ, ಕೂಸಿನ ಎದಿ ಮ್ಯಾಲೆ ಟಕಟಕ ಕುಣೀತಿತ್ತು. ಅತ್ತಿ ಬಂದವರಿಗೆಲ್ಲಾ ಅಂಗಿ ಎತ್ತಿ ತೋರಿಸ್ತಿದ್ರು. "ನೋಡ್ರಿ, ಲಿಂಗಪ್ಪ ಹೆಂಗ ಎಚ್ಚರ ಅದಾನ!" ನಾನೂ ಕೈ ಮುಗದೇನಿ. ಥೂ ನನ್ನ.

ಅತ್ತಿಗೆ ಇನ್ನೂ ಹೇಳಿಲ್ಲ. ಊಟ ಆದಮ್ಯಾಲೆ ಕೂಸನ್ನ ಮಗ್ಗಲದಾಗ ಹಾಕ್ಕೊಂಡು ಮಲಗ್ಯಾರ. ಆಗಳೇ ಒಳಗಿಂದ ಸಣ್ಣಗ ಅಂದ್ರು, "ದಾಕ್ಷಾಯಿಣಿ, ಇವತ್ತ ಕೂಸು ಎಷ್ಟ್ ಶಾಂತ ಮಲಗೈತಿ ನೋಡವಾ. ಕರಡಗಿ ಸೈತ ಅಲ್ಲಾಡವಲ್ದು." ನನ್ನ ತಲಿ ಮುಚ್ಚಳದಾಗ ಇತ್ತು. ಹೂಂ ಅಂದು ಬರಿಯಾಕ ಕುಂತೆ.

ಅಲ್ಲಾಡವಲ್ದು ಅಂದ್ರ