ಹಾಳೆಯ ದೀಪಕ್ಕೆ ಕುಂಕುಮ

ಏಪ್ರಿಲ್ 9, ಗುರುವಾರ. ಭದ್ರಾವತಿ.

ಕುಂಕುಮದ ಕಲೆ ಹೋಗಲಿಲ್ಲ. ಒರೆಸಿದಷ್ಟೂ ಹರಡಿತು. ಪಾಲಿಶ್ ಇಲ್ಲದ ಅಡಿಕೆ ಹಾಳೆ, ಒದ್ದೆ ತಾಗಿದರೆ ಹೀರಿಕೊಂಡುಬಿಡುತ್ತದೆ.

ಮುಂದಿನ ವಾರ ಮಿಲಾನ್. ಇಡೀ ಊರು ಡಿಸೈನ್ ಹಬ್ಬ ಮಾಡುವಾಗ ಯಾವುದೋ ಗಲ್ಲಿಯಲ್ಲಿ ನಾನು ಹಾಳೆಯಲ್ಲಿ ಮಾಡಿದ ದೀಪಕ್ಕೂ ಒಂದು ಮೂಲೆ ಸಿಕ್ಕಿದೆ. ವೀಸಾ ಬಂತು. ಗಾಂಧಿ ಬಜಾರಿನಿಂದ ಥರ್ಮಾಕೋಲ್ ತಂದಾಯಿತು. ಇನ್ನೇನು ದೀಪವನ್ನು ಪೆಟ್ಟಿಗೆಗೆ ಇಳಿಸಬೇಕು, ಅಷ್ಟರಲ್ಲಿ ಅತ್ತೆ ಬಟ್ಟಲು ಹಿಡಿದು ಬಂದರು. ನಾನು ತಡೆಯುವುದರೊಳಗೆ ನೆನೆಸಿದ ಅರಿಶಿನ ಕುಂಕುಮ ಹಾಳೆಯ ಮೇಲಿತ್ತು.

"ಏನ್ ಮಾಡಿದ್ರಿ ಅತ್ತೆ? ಇದೇನು ಹೊಸ ಸ್ಕೂಟರಾ?" ಎಂದು ರೇಗಿದೆ.

"ಸಮುದ್ರ ದಾಟಿ ಹೋಗೋ ಸಾಮಾನು. ಹಾಗೇ ಕಳಿಸಕ್ಕಾಗುತ್ತಾ ಮಾರಾಯ್ತಿ?"

ಆಮೇಲೆ ಪೆಟ್ಟಿಗೆಗೂ ಹಚ್ಚಿದರು. ಪ್ಯಾಕಿಂಗಿಗೆ ಕೈಜೋಡಿಸಲು ಬಂದಿದ್ದ ಪಕ್ಕದ ಮನೆಯ ಯಶೋಧರಾಳ ಹಣೆಗೂ ಇಟ್ಟರು. ಬಟ್ಟಲು ನನ್ನ ಮುಂದೆ ಬಂದು ನಿಂತಿತು. ಕುಂಕುಮದ ಬೆರಳು ಅರ್ಧಕ್ಕೆ ಎದ್ದಿತು. ಅದನ್ನು ಅತ್ತೆ ಹಾಗೇ ಸೆರಗಿಗೆ ಒರೆಸಿಕೊಂಡರು. ಅವರ ಮಗ, ನನ್ನ ಗಂಡ ಮುರಳಿ ತೀರಿಕೊಂಡು ವರ್ಷ ದಾಟಿದೆ.

ನಾನು ಮತ್ತೆ ದೀಪ ಹಾಳಾಯಿತೆಂದೇ ಕೂಗಾಡಿದೆ. ಅವರು ತಲೆ ತಗ್ಗಿಸಿ ಬೈಸಿಕೊಂಡರು.

ಬೇರೆ ದೀಪ ಮಾಡಲು ಸಮಯವಿಲ್ಲ. ಇದೇ ಹೋಗಬೇಕು. ಈ ಕೆಂಪು ಏನೆಂದು ಅಲ್ಲಿ ಯಾರಾದರೂ ಕೇಳಿದರೆ, ಪ್ರಯಾಣಕ್ಕೆ ಒಳ್ಳೆಯದಾಗಲಿ ಎಂದು ಮನೆಯಲ್ಲಿ ಹಚ್ಚಿದ್ದು ಎನ್ನುತ್ತೇನೆ. ನಿಮಗೂ ಹಚ್ಚಿದರಾ ಎಂದು ಕೇಳಿದರೆ...