ದಾಸವಾಳದ ಬುಡದ ಮಣ್ಣು

ಹಲಸೂರು
ಭಾನುವಾರ, 6 ಜೂನ್ 1999

ಮುದ್ದಿನ ಮಗಳು ರಮ್ಯಶ್ರೀಗೆ ಅಮ್ಮನ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಅಂತ ಬರೆಯೋದು ವಾಡಿಕೆ. ಕ್ಷೇಮವಾಗಿಯೇ ಇದ್ದೀವಿ. ನಿಮ್ಮಪ್ಪನ ಮೇಲೆ ನನಗೆ ಕೋಪ, ನಿನ್ನ ಮೇಲೆ ಅದಕ್ಕಿಂತ ಸ್ವಲ್ಪ ಜಾಸ್ತಿ ಕೋಪ. ಅಷ್ಟು ಬಿಟ್ಟರೆ ಕ್ಷೇಮ.

ನಿನ್ನ ಕಾಗದ ಶುಕ್ರವಾರ ಬಂತು. ಮಾರ್ಕೆಟ್ಟಿನಿಂದ ಬಂದವಳು ಕಾಲು ತೊಳೆದು ಹಿತ್ತಲ ಮೆಟ್ಟಿಲ ಮೇಲೆ ಕೂತು ಓದಿದೆ. ಎರಡನೇ ಸಲ ಓದುವಾಗ ಅಕ್ಷರ ಮಂಜಾಯ್ತು. ಕಾಗದ ಎದೆ ಮೇಲೆ ಇಟ್ಟುಕೊಂಡು ಅಲ್ಲೇ ಚಾಪೆ ಹಾಸಿ ಮಲಗಿಬಿಟ್ಟೆ. ಮಗಳು ಹೀಗೆ ಬರೆದಿರುವಾಗ ಇವಳಿಗೆ ನಿದ್ದೆ ಹೇಗೆ ಹತ್ತಿತು ಅನ್ನಬೇಡ. ದುಃಖವಾದರೆ ಕೆಲವರಿಗೆ ಹಸಿವಾಗುತ್ತೆ, ನನಗೆ ನಿದ್ದೆ ಬರುತ್ತೆ. ಅದಕ್ಕೊಂದು ಕಾರಣ ಇದೆ, ಇದುವರೆಗೂ ಯಾರಿಗೂ ಹೇಳಿಲ್ಲ. ಕನಸಿನಲ್ಲಿ ನನಗೆ ಕಿವಿ ಕೇಳುತ್ತೆ ಕಣೇ.

ಪೂರ್ತಿ ಕೇಳುತ್ತೆ. ಗಾಡಿ ಎತ್ತಿನ ಗೆಜ್ಜೆ, ಸೋಮೇಶ್ವರನ ಗುಡಿ ಗಂಟೆ, ನಿಮ್ಮಜ್ಜಿ ರಾಗಿ ಬೀಸುತ್ತಾ ಗುನುಗುತ್ತಿದ್ದ ಪದ. ಎಲ್ಲಾ ಹಳೇ ಸದ್ದುಗಳೇ. ಈಗಿನ ಬಸ್ಸು ಕಾರು ಹೇಗೆ ಕೂಗ್ತವೋ ನನಗೆ ಗೊತ್ತಿಲ್ಲ, ಹಾಗಾಗಿ ನನ್ನ ಕನಸಿನ ಬೀದಿಯಲ್ಲಿ ಅವು ಸದ್ದಿಲ್ಲದೆ ತೇಲಿಕೊಂಡು ಹೋಗ್ತವೆ. ಶುಕ್ರವಾರದ ಕನಸಿನಲ್ಲಿ ನೀನು ಹಲಸೂರು ಕೆರೆ ಮೆಟ್ಟಿಲ ಮೇಲೆ ಕೂತಿದ್ದೆ. ಅದೇ ನೀಲಿ ಚೂಡಿದಾರ, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ನಿಮ್ಮ ಲ್ಯಾಬಿನ ಮುಚ್ಚಳದ ಗಾಜಿನ ತಟ್ಟೆ. ಬಾಯಿ ತೆರೆದು ಏನೋ ವಿವರಿಸೋಕೆ ಹೊರಟೆ, ಬಂದದ್ದು ಒಂದು ವರ್ಷದ ಕೂಸಿನ ದನಿ. ತಾತ, ಅತ್ತ, ಬೂ ಅಂತ. ನಿನ್ನದು ಅಂತ ನನ್ನ ಹತ್ತಿರ ಇರೋ ದನಿ ಅದೊಂದೇ ತಾನೇ. ಇಪ್ಪತ್ತೈದು ವರ್ಷದವಳು ಪಿಎಚ್‌ಡಿ ವಿಷಯವನ್ನೆಲ್ಲ ಬೂ ಬೂ ಅಂತ ಹೇಳ್ತಿದ್ದರೆ ನಗು ತಡೆಯಲಾಗದೆ ಎಚ್ಚರವಾಯ್ತು. ಎದ್ದು ಕೂತರೆ ಹಿತ್ತಲಲ್ಲಿ ಕಾಗೆಗಳು ಬಾಯಿ ತೆಗೆದು ಮುಚ್ಚುತ್ತಿದ್ದವು, ಸದ್ದಿಲ್ಲ.

ಸರಿ, ಈಗ ನಿನ್ನ ಕಾಗದಕ್ಕೆ ಬರ್ತೀನಿ. ನಾನು ತಿಳಿದುಕೊಂಡದ್ದು ಸರಿಯಾಗಿದೆಯಾ ನೋಡು.

ಮೈಸೂರಿಗೆ ಹೋದ ಹೊಸದರಲ್ಲಿ ನೀನು ಸೊಪ್ಪು ಸದೆ ಕೇಳ್ತಿದ್ದೆ. ತುಂಬೆ, ಲಕ್ಕಿ, ಬೇವು, ದೊಡ್ಡಪತ್ರೆ. ನಾನು ರಸೆಲ್ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿ ಬಿಟ್ಟು ಸೊಪ್ಪಿನವರ ಹಿಂದೆ ಓಡಾಡಿ ಕಟ್ಟು ಕಟ್ಟಿ ಕಳಿಸ್ತಿದ್ದೆ. ಪಕ್ಕದಲ್ಲಿ ನಿಂಬೆಹಣ್ಣು ಮಾರೋ ಶಂಶುನ್ನೀಸಾ, ಮಗಳು ಮೈಸೂರಿನಲ್ಲಿ ಓದ್ತಿದ್ದಾಳೋ ಮೇಕೆ ಸಾಕ್ತಿದ್ದಾಳೋ ಅಂತ ಕೇಳಿದ್ದಳು. ಅವಳು ಮಾತಾಡೋದು ಉರ್ದುವಿನಲ್ಲಿ, ನಾನು ತುಟಿ ನೋಡಿ ಅರ್ಥ ಮಾಡಿಕೊಳ್ಳೋದು ಕನ್ನಡದಲ್ಲಿ. ಇಷ್ಟು ವರ್ಷದಲ್ಲಿ ನಮ್ಮಿಬ್ಬರಿಗೆ ಒಂದು ಜಗಳ ಆಗಿಲ್ಲ.

ನೀನು ರೋಗದ ಕ್ರಿಮಿಗಳನ್ನು ತಟ್ಟೆ ತುಂಬ ಬೆಳೆಸಿ, ಮಧ್ಯೆ ಸೊಪ್ಪಿನ ರಸದ ಹನಿ ಇಡ್ತಿದ್ದೆ. ಕ್ರಿಮಿ ಬೆಳೆಯದ ಕಡೆ ತಟ್ಟೆ ತಿಳಿಯಾಗಿ ಕಾಣುತ್ತೆ, ಎಷ್ಟಗಲ ತಿಳಿಯೋ ಅಷ್ಟು ಒಳ್ಳೇ ಮದ್ದು ಅಂದಿದ್ದೆ. ಸೊಪ್ಪಿನ ರಸಕ್ಕೆ ಹಣೆಬೊಟ್ಟಿನಷ್ಟು ಮಾತ್ರ ತಿಳಿಯಾಯ್ತು. ಆಗ ನಿಮ್ಮ ಮೇಷ್ಟ್ರು ಸಂಜೀವಪ್ಪನವರು ಗಿಡ ಆಯ್ತು, ಇನ್ನು ಗಿಡದ ಬುಡ ನೋಡು ಅಂದರು. ಮಣ್ಣಿನಲ್ಲೂ ಸಣ್ಣ ಜೀವಿಗಳಿವೆಯಂತೆ, ಬೇರೆಯವು ತಮ್ಮ ಹತ್ತಿರ ಸುಳಿಯದ ಹಾಗೆ ಅವೇ ಮದ್ದು ಸುರಿಸಿಕೊಂಡು ಕೂತಿರ್ತವಂತೆ. ಹೋದ ಮಳೆಗಾಲದಲ್ಲಿ ನಮ್ಮ ಹಿತ್ತಲ ದಾಸವಾಳದ ಬುಡದ ಮಣ್ಣು ಕಳಿಸು ಅಂತ ನೀನು ಬರೆದೆ, ನಾನು ಡಬ್ಬಿಯಲ್ಲಿ ತುಂಬಿ ಕಳಿಸಿದೆ. ಅದರಲ್ಲಿ ಬೆಳೆದ ಒಂದು ಜೀವಿ, ವಿಭೂತಿ ಉದುರಿಸಿದ ಹಾಗೆ ಬೂದಿ ಬಣ್ಣ ಅಂದೆಯಲ್ಲ, ಅದರ ಸುತ್ತ ಒಂದು ರೂಪಾಯಿ ಅಗಲಕ್ಕೆ ತಿಳಿಯಾಯ್ತು. ಹೊಸ ಮದ್ದೇ ಇರಬಹುದು ಅಮ್ಮ ಅಂತ ಬರೆದಿದ್ದೆ. ಆ ಕಾಗದದಲ್ಲಿ ನಿನ್ನ ಅಕ್ಷರ ಗೆರೆ ಬಿಟ್ಟು ಮೇಲಕ್ಕೆ ಹೋಗಿತ್ತು.

ಈಗ ಅದು ಹೊಸದಲ್ಲ ಅಂತ ಗೊತ್ತಾಯ್ತು. ಹಳೇ ಸ್ಟ್ರೆಪ್ಟೋಮೈಸಿನ್. ಮಣ್ಣು ಹುಡುಕೋರಿಗೆ ಮೊದಲು ಸಿಕ್ಕೋದು ಹೆಚ್ಚಾಗಿ ಇದೇ, ಎಸೆದು ಬೇರೆ ಮಣ್ಣು ತಗೋ ಅಂದರಂತೆ ಸಂಜೀವಪ್ಪನವರು. ಅಷ್ಟಕ್ಕೇ ಆಗಿದ್ದರೆ ನೀನು ನಾಲ್ಕು ದಿನ ಮುಖ ಊದಿಸಿಕೊಂಡು ಮತ್ತೆ ಕೆಲಸಕ್ಕೆ ಕೂರ್ತಿದ್ದೆ. ಆದರೆ ನೀನು ಪುಸ್ತಕ ತೆಗೆದು ನೋಡಿದೆ. ಈ ಮದ್ದು ಕೆಲವರ ಕಿವಿ ಕೆಡಿಸುತ್ತೆ ಅಂತ ಅದರಲ್ಲಿತ್ತು. ನೇರ ಫೋನಿಗೆ ಓಡಿ ನಿಮ್ಮಪ್ಪನನ್ನು ಹಿಡಿದೆ. ಆ ಮನುಷ್ಯನ ಹೊಟ್ಟೆಯಲ್ಲಿ ಎಳ್ಳುಕಾಳು ನಿಲ್ಲಲ್ಲ. ನಿಮ್ಮಮ್ಮನಿಗೆ ಬಂದದ್ದು ಜ್ವರ ಅಲ್ಲ, ಕ್ಷಯ, ಹಾಕಿದ್ದು ಇದೇ ಸೂಜಿ ಅಂತ ಬೂತಿನಲ್ಲಿ ನಿಂತು ಒದರಿಬಿಟ್ಟರು. ಮನೆಗೆ ಬಂದು ಸ್ಲೇಟಿನ ಮೇಲೆ ಹೇಳಿಬಿಟ್ಟೆ ಅಂತ ಬರೆದು, ನಾನು ಬೈಯುವ ಮೊದಲೇ ಅಳಿಸಿದರು.

ಜ್ವರ ಬಂದು ಕಿವಿ ಹೋಯ್ತು ಅಂತ ಯಾಕೆ ಹೇಳಿದೆವು ಅಂತ ಕೇಳಿದ್ದೀಯ. ಕ್ಷಯ ಅಂದರೆ ಆಗ ಜನ ಬೀದಿ ಬದಲಿಸೋರು. ಅವರಮ್ಮನಿಗೆ ಕ್ಷಯ ಇತ್ತಂತೆ ಅನ್ನೋ ಮಾತು ನಿನ್ನ ಬೆನ್ನಿಗೆ ಅಂಟಬಾರದು ಅಂತ ನಿಮ್ಮಜ್ಜಿ ಜ್ವರ ಅಂದರು. ನಾವೂ ಹಾಗೇ ಅಂದುಕೊಂಡು ಬಂದೆವು.

ಆದರೆ ನೀನು ಬರೆದಿರೋ ಮಾತು ಏನೇ ಅದು. ಅಮ್ಮನ ಕಿವಿ ತಿಂದ ಜೀವಿಗೆ ವರ್ಷವಿಡೀ ಕೈಯಾರೆ ಊಟ ಹಾಕಿ ಸಾಕಿದೆ, ಬರುವ ಶನಿವಾರ ಅದನ್ನೆಲ್ಲ ಹಬೆಯಲ್ಲಿ ಬೇಯಿಸಿ ಕೊಂದು, ಲ್ಯಾಬಿನ ಬೀಗದಕೈ ಮೇಷ್ಟ್ರಿಗೆ ಕೊಟ್ಟು ಬಂದುಬಿಡ್ತೀನಿ, ಮಹದೇವಪುರದ ಔಷಧಿ ಕಂಪನಿಯಲ್ಲಿ ಕೆಲಸ ಇದೆ ಅಂತ. ಮಗಳು ಮನೆಗೆ ಬರ್ತಾಳೆ ಅಂತ ನಿಮ್ಮಪ್ಪ ಆಗಲೇ ನಿನ್ನ ಮಂಚದ ಕಾಲು ರಿಪೇರಿ ಮಾಡಿಸಿದ್ದಾರೆ. ನನಗೆ ಮಾತ್ರ ಇದು ಸರಿಬರಲಿಲ್ಲ. ನನ್ನ ಕಿವಿ ವಿಷಯದಲ್ಲಿ ಒಂದು ಮಾತು ನನ್ನನ್ನೂ ಕೇಳಬೇಕಿತ್ತು ನೀನು. ಕೇಳಲಿಲ್ಲ, ನಾನೇ ಹೇಳ್ತೀನಿ. ಇದು ನಿಮ್ಮಪ್ಪನಿಗೂ ಗೊತ್ತಿಲ್ಲ.

ನೀನಿನ್ನೂ ತೆವಳುತ್ತಿದ್ದೆ. ನನಗೆ ಕೆಮ್ಮಿನಲ್ಲಿ ರಕ್ತ ಬಂತು. ಹಿತ್ತಲ ಮೂಲೆಯಲ್ಲಿ ಹೂವಿನ ಬುಟ್ಟಿ ಇಡೋ ಒಂದು ಮಣ್ಣಿನ ಕೋಣೆ ಇತ್ತು, ನನ್ನನ್ನು ಅಲ್ಲಿ ಹಾಕಿದರು. ನಿನ್ನನ್ನು ಅಜ್ಜಿ ಮುಂದೆ ಮನೆಯೊಳಗೆ ಇಟ್ಟುಕೊಂಡರು. ನನ್ನ ಹತ್ತಿರ ಬಿಡೋ ಹಾಗಿರಲಿಲ್ಲ, ನಾನೂ ಬಿಡಿ ಅಂತ ಕೇಳಲಿಲ್ಲ. ಆದರೆ ನಿನ್ನ ದನಿಯನ್ನು ಯಾರು ತಡೀತಾರೆ? ಬೆಳಿಗ್ಗೆ ಎದ್ದು ನಿನ್ನಷ್ಟಕ್ಕೆ ಮಾಡಿಕೊಳ್ಳುತ್ತಿದ್ದ ಸದ್ದು, ನೀರು ಹಾಕುವಾಗ ಬೀದಿಗೆಲ್ಲ ಕೇಳೋ ಹಾಗೆ ಅರಚುತ್ತಿದ್ದದ್ದು, ಮಧ್ಯಾಹ್ನ ಚಮಚದಲ್ಲಿ ತಟ್ಟೆ ಬಡಿಯುತ್ತಿದ್ದದ್ದು. ನಾನು ಗೋಡೆಗೆ ಒರಗಿ ಅದನ್ನೇ ಕೇಳ್ತಾ ಇರ್ತಿದ್ದೆ. ಆಗ ನನ್ನ ಮಗು ಅಂದರೆ ನನಗೆ ಬರೀ ಒಂದು ದನಿ.

ಶಿವಾಜಿನಗರದ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಂಡು ಬರ್ತಿದ್ದೆ. ರಕ್ತ ನಿಂತಿತು, ಅನ್ನ ಸೇರಿತು. ಅಷ್ಟರಲ್ಲಿ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಶುರುವಾಯ್ತು. ನಡೆದರೆ ನೆಲ ದೋಣಿಯ ಹಾಗೆ ವಾಲುತ್ತಿತ್ತು, ಗೋಡೆ ಹಿಡಿದುಕೊಂಡು ಓಡಾಡ್ತಿದ್ದೆ. ಡಾಕ್ಟರಮ್ಮ ಒಳ್ಳೇ ಹೆಂಗಸು, ಮುಚ್ಚಿಡಲಿಲ್ಲ. ಇದು ಮದ್ದಿನ ಕೆಲಸ, ಮುಂದುವರಿಸಿದರೆ ಕಿವಿ ಹೋಗಬಹುದು, ಹೋದರೆ ಮತ್ತೆ ಬರಲ್ಲ ಅಂದರು. ಬದಲಿಗೆ ಒಂದು ಪುಡಿ ಕೊಟ್ಟು ನೋಡಿದರು, ಅದು ಒಂದು ದಿನವೂ ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಸೂಜಿ ನಿಲ್ಲಿಸಿದರೆ ಕಾಯಿಲೆ ತಿರುಗಿಬೀಳೋ ಭಯ. ಮನೆಗೆ ಹೋಗಿ ಯಜಮಾನರನ್ನು ಕೇಳಿಕೊಂಡು ಬಾ ಅಂದರು.

ನಾನು ಯಾರನ್ನೂ ಕೇಳಲಿಲ್ಲ. ಆ ಸಂಜೆ ಗೋಡೆಗೆ ಒರಗಿ ನಿನ್ನನ್ನು ಕೇಳಿಸಿಕೊಂಡೆ. ಇವಳನ್ನು ಹೀಗೇ ಕೇಳ್ತಾ ಸಾಯಬೇಕೋ, ಎತ್ತಿಕೊಂಡು ಬದುಕಬೇಕೋ ಅಂತ ಯೋಚನೆ ಮಾಡಿದೆ. ಬಹಳ ಹೊತ್ತು ಏನೂ ಹಿಡಿಯಲಿಲ್ಲ. ಮಾರನೇ ದಿನ ಹೋಗಿ, ಮನೆಯಲ್ಲಿ ಒಪ್ಪಿದ್ದಾರೆ ಅಂತ ಸುಳ್ಳು ಹೇಳಿ, ಹಾಕಿ ಅಂದೆ.

ಹಾಗಾಗಿ ಅದು ನನ್ನ ಕಿವಿ ತಿನ್ನಲಿಲ್ಲ ರಮ್ಯಾ. ನಾನು ಕೊಟ್ಟೆ.

ಆಮೇಲೆ ಕೆಲವು ವಾರ, ನಲ್ಲಿ ನೀರು ನಿಲ್ಲುತ್ತೆ ಅಂತ ಗೊತ್ತಾದವರು ಇರೋಬರೋ ಬಿಂದಿಗೆಯೆಲ್ಲ ತುಂಬಿಕೊಳ್ಳೋ ಹಾಗೆ ಕೇಳಿಸಿಕೊಂಡೆ. ನಿನ್ನದು, ಕಾಗೆಯದು, ನಿಮ್ಮಪ್ಪನ ಗೊರಕೆಯನ್ನೂ ಬಿಡಲಿಲ್ಲ. ಕನಸಿನಲ್ಲಿ ನಾನು ಖರ್ಚು ಮಾಡೋದು ಅದನ್ನೇ. ಕಾಯಿಲೆ ವಾಸಿಯಾಗಿ ನಿನ್ನನ್ನು ನನ್ನ ಕೈಗೆ ಕೊಟ್ಟಾಗ ನಿನಗೆ ನನ್ನ ಗುರುತೇ ಇಲ್ಲ, ಯಾರಪ್ಪಾ ಇವಳು ಅಂತ ಬಾಯಿ ಅಗಲಿಸಿ ಅತ್ತೆ. ನನಗೆ ಒಂದಿಷ್ಟೂ ಕೇಳಿಸಲಿಲ್ಲ. ಬೆನ್ನಿನ ಮೇಲೆ ಅಂಗೈ ಇಟ್ಟೆ. ಒಳಗೆ ಗುಡುಗುಡು ಅಂತಿತ್ತು. ಓಹೋ, ಇಲ್ಲೇ ಇದ್ದಾಳೆ ಅಂದುಕೊಂಡು ನಾನೂ ಅತ್ತೆ. ಆ ದಿನದಷ್ಟು ಸುಖ ಮತ್ತೆ ಯಾವತ್ತೂ ಆಗಿಲ್ಲ ನನಗೆ.

ಇನ್ನೊಂದು ಮಾತು. ಆ ಬೂದಿ ಬಣ್ಣದ್ದು ಬೆಳೆದ ತಟ್ಟೆಯ ಮುಚ್ಚಳ ತೆಗೆದರೆ ಮೊದಲ ಮಳೆಯ ವಾಸನೆ ಬರುತ್ತೆ, ಮಣ್ಣಿಗೆ ಆ ವಾಸನೆ ಬರೋದೇ ಈ ಜಾತಿಯ ಜೀವಿಗಳಿಂದ ಅಂತ ನೀನೇ ಬರೆದಿದ್ದೆ. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ನಿಮಗೆಲ್ಲ ಮಳೆ ಅಂದರೆ ಸದ್ದು. ನನಗೆ ಮಳೆ ವಾಸನೆಯಲ್ಲೇ ಬರೋದು. ರಸೆಲ್ ಮಾರ್ಕೆಟ್ಟಿನಲ್ಲಿ ಎಲ್ಲರಿಗಿಂತ ಮೊದಲು ಟಾರ್ಪಾಲು ಎಳೆಯೋಳು ನಾನು. ನನ್ನನ್ನು ನೋಡಿ ಶಂಶುನ್ನೀಸಾ ಎಳೀತಾಳೆ, ಅವಳನ್ನು ನೋಡಿ ಉಳಿದವರು. ಮಳೆಯ ಸದ್ದು ಹೋದದ್ದು ಈ ಜಾತಿಯಿಂದ, ವಾಸನೆ ಉಳಿದದ್ದೂ ಇದರಿಂದಲೇ ಅಂತಾದರೆ ನಾನು ಅದಕ್ಕೆ ಹೇಗೆ ಶಾಪ ಹಾಕಲಿ ಹೇಳು.

ಕಂಪನಿ ಕೆಲಸ ಬೇಡ ಅಂತ ನಾನು ಹೇಳ್ತಿಲ್ಲ. ಆ ಕೆಲಸ ನಿನಗೆ ಇಷ್ಟವಾದರೆ ಬಾ, ಮಂಚ ರೆಡಿ ಇದೆ. ಬೇರೆ ಮಣ್ಣು ಹುಡುಕಬೇಕು ಅನ್ನಿಸಿದರೆ ಅಲ್ಲೇ ಇರು, ಬೇಕಾದಷ್ಟು ಡಬ್ಬಿ ತುಂಬಿ ಕಳಿಸ್ತೀನಿ. ಆದರೆ ನನ್ನ ಕಿವಿಯ ಹೆಸರು ಹೇಳಿಕೊಂಡು ಮೂರು ವರ್ಷದ ಓದು ಬಿಡಬೇಡ, ಆ ಜೀವಿಯನ್ನು ಸಿಟ್ಟಿನಲ್ಲಿ ಬೇಯಿಸಬೇಡ. ನೀನು ಸೇಡು ತೀರಿಸಿಕೊಳ್ಳಬೇಕಾದಂಥದ್ದು ನನಗೆ ಯಾರೂ ಏನೂ ಮಾಡಿಲ್ಲ. ಶನಿವಾರ ಲ್ಯಾಬಿಗೆ ಹೋಗಬೇಡ, ಬಸ್ಸು ಹತ್ತಿ ಇಲ್ಲಿಗೆ ಬಾ. ಒಂದು ಟ್ಯೂಬಿನಲ್ಲಿ ಅದನ್ನೂ ಕರೆದುಕೊಂಡು ಬಾ, ಒಂದು ಸಲ ಮೂಸಬೇಕು ನಾನು. ಏನು ತೀರ್ಮಾನ ಮಾಡಿದೆ ಅನ್ನೋದನ್ನು ಸ್ಲೇಟಿನಲ್ಲಿ ಬರೆಯಬೇಡ. ಬಾಯಿಬಿಟ್ಟು ಹೇಳು, ಜೋರಾಗಿ. ನಾನು ನಿನ್ನ ಬೆನ್ನಿನ ಮೇಲೆ ಕೈ ಇಟ್ಟುಕೊಂಡಿರ್ತೀನಿ.

ಇಷ್ಟು ಬರೆಯುವಷ್ಟರಲ್ಲಿ ಕೋಪ ಇಳಿಯಿತು. ನಿಮ್ಮಪ್ಪನ ಮೇಲಿನದು ಇನ್ನೂ ಸ್ವಲ್ಪ ಉಳಿದಿದೆ.

ನಿನ್ನನ್ನು ಎತ್ತಿಕೊಂಡ
ಅಮ್ಮ
ರಾಮಲಕ್ಷ್ಮಮ್ಮ

ತಾ.ಕ.: ಒಂದು ವಿಷಯ ಹೇಳೋದು ಬಿಟ್ಟುಹೋಗಿತ್ತು, ನಿಮ್ಮ ಮೇಷ್ಟ್ರು ಬೈಯಬಾರದು. ನೀನು ಕೇಳಿದ್ದು ದಾಸವಾಳದ ಬುಡದ ಮಣ್ಣು. ಆವತ್ತು ಅಲ್ಲೆಲ್ಲ ನೀರು ನಿಂತು ಕೆಸರಾಗಿತ್ತು, ಮಣ್ಣು ಅಂದರೆ ಮಣ್ಣು ತಾನೇ ಅಂತ ಆ ಮೂಲೆಯ ಕನಕಾಂಬರದ ಪಾತಿಯಿಂದ ಕೆರೆದು ಕಳಿಸಿಬಿಟ್ಟೆ. ಹೆಂಚು ಬಿದ್ದು ಗೋಡೆ ಮಳೆಗೆ ಕರಗುವ ತನಕ ಆ ಪಾತಿಯ ಜಾಗದಲ್ಲೇ ನನ್ನ ಕೋಣೆ ಇದ್ದದ್ದು. ಮಣ್ಣಿನ ನೆಲ. ಧೂಳು ಏಳಬಾರದು ಅಂತ ನಿಮ್ಮಜ್ಜಿ ಬೆಳಿಗ್ಗೆ ಬಾಗಿಲ ಹೊರಗೇ ನಿಂತು ನೀರು ಚಿಮುಕಿಸಿ ಹೋಗೋರು. ಒಂದೊಂದೇ ಸದ್ದು ಆರಿಹೋಗುತ್ತಿದ್ದಾಗ ಆ ವಾಸನೆ ಮಾತ್ರ ನನ್ನ ಜೊತೆ ಇತ್ತು. ನಿನ್ನ ಸೀಸೆಯ ಮೇಲೆ ದಾಸವಾಳದ ಬುಡ ಅಂತ ಚೀಟಿ ಅಂಟಿಸಿದ್ದರೆ ಕಿತ್ತುಹಾಕಿ, ಅಮ್ಮನ ಕೋಣೆ ಅಂತ ಬರೆ.